ಕೊಳೆರೋಗ ಯಾವ ಸಾಮ್ರಾಜ್ಯದ್ದು?

ಸಾಮ್ರಾಜ್ಯ ಎಂದೊಡನೆ ನಮಗೆ ವಿಜಯನಗರ ನೆನಪಾಗುತ್ತದೆ. ಆಡುಮಾತಿನಲ್ಲಿ ಅದು ಎಲ್ಲಿಗೆ ಬೇಕಾದರೂ ಒಗ್ಗುತ್ತದೆ: ಒಬ್ಬರದು ಹೋಟೆಲು ಸಾಮ್ರಾಜ್ಯ, ಅಡುಗೆಮನೆ ಅಜ್ಜಿಯ ಸಾಮ್ರಾಜ್ಯ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಇದೇ ಪದ ಸಸ್ಯ ಸಾಮ್ರಾಜ್ಯ, ಪ್ರಾಣಿ ಸಾಮ್ರಾಜ್ಯ ಎಂದು ಸಿಗುತ್ತದೆ. ನನಗೆ ಇದೇ ಹೆಚ್ಚು ಇಷ್ಟ. ಹೊಸ ಪುರಾವೆ ಸಿಕ್ಕಿದಾಗಲೆಲ್ಲ ಇಲ್ಲಿ ಗಡಿ ಸರಿಯುತ್ತದೆ.

1735ರಲ್ಲಿ ಸ್ವೀಡನ್ನಿನ ಲಿನೇಯಸ್ ಪ್ರಕೃತಿಯನ್ನು ಮೂರು ಸಾಮ್ರಾಜ್ಯಗಳಾಗಿ ಹಂಚಿದ. ಮೂರನೆಯದು ಕಲ್ಲು, ಖನಿಜಗಳದು! 1866ರಲ್ಲಿ ಜರ್ಮನಿಯ ಹೆಕೆಲ್ ಸೂಕ್ಷ್ಮಜೀವಿಗಳನ್ನು ಪ್ರೊಟಿಸ್ಟಾ ಎಂದು ಬೇರ್ಪಡಿಸಿದ. ಅಣಬೆ ಮಾತ್ರ ಬಹುಕಾಲ ಸಸ್ಯಗಳ ಸಾಲಿನಲ್ಲೇ ಉಳಿಯಿತು. ಆದರೆ ಅದಕ್ಕೆ ಪತ್ರಹರಿತ್ತಿಲ್ಲ. ಕೊಳೆತ ದಿಮ್ಮಿಯ ಮೇಲೆ ಜೀರ್ಣರಸ ಬಿಟ್ಟು, ಕರಗಿದ್ದನ್ನು ಹೀರಿಕೊಳ್ಳುತ್ತದೆ. ಅದರ ಕೋಶಗೋಡೆಯಲ್ಲಿರುವುದು ಸಿಗಡಿಯ ಚಿಪ್ಪಿನಲ್ಲಿರುವ ಕೈಟಿನ್. 1969ರಲ್ಲಿ ಅಮೆರಿಕದ ವಿಟ್ಟೇಕರ್ ಐದು ಸಾಮ್ರಾಜ್ಯಗಳ ಪಟ್ಟಿ ಕೊಟ್ಟಾಗ ಶಿಲೀಂಧ್ರಗಳಿಗೂ ಸ್ವಂತದ್ದೊಂದು ದಕ್ಕಿತು. ವಂಶವಾಹಿ ನೋಡಿದರೆ ಅಣಬೆ ಗಿಡಮರಗಳಿಗಿಂತ ನಮಗೇ ಹತ್ತಿರದ ನೆಂಟ.

ಇದೆಲ್ಲ ಪರೀಕ್ಷೆಗೆ ಉರುಹೊಡೆಯುವ ವಿಷಯ ಎನ್ನುವವರು ಮಳೆಗಾಲದಲ್ಲಿ ಮಲೆನಾಡಿನ ಅಡಿಕೆ ತೋಟಕ್ಕೆ ಹೋಗಬೇಕು. ಕೊಳೆರೋಗ ಹತ್ತಿದ ಕೊನೆಯಲ್ಲಿ ಎಳೆಕಾಯಿಯ ತೊಟ್ಟಿನ ಬಳಿ ನೀರು ಕುಡಿದಂಥ ಕಡುಹಸಿರು ಕಲೆ ಕಾಣುತ್ತದೆ, ಮೇಲೆ ಬಿಳಿ ಬೂಷ್ಟು ಹಬ್ಬುತ್ತದೆ, ಕಾಯಿ ಉದುರುತ್ತದೆ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಇದನ್ನು ವಿವರವಾಗಿ ಅಭ್ಯಾಸ ಮಾಡಿ, ಫೈಟಾಫ್ತೊರಾ ಎಂಬ ಜೀವಿಯೇ ಕಾರಣವೆಂದು 1910ರಲ್ಲಿ ಬರೆದರು.

ಬೂಷ್ಟಿನಂತೆ ಎಳೆ ಬಿಡುವುದರಿಂದ ಅದನ್ನೂ ಶಿಲೀಂಧ್ರ ಎಂದೇ ಕರೆದರು; ಈಗಲೂ ಎಷ್ಟೋ ಕಡೆ ಹಾಗೇ ಕರೆಯುತ್ತಾರೆ. ಆದರೆ ಅದರ ಕೋಶಗೋಡೆಯಲ್ಲಿ ಸೆಲ್ಯುಲೋಸ್ ಇದೆ, ಮರಿ ಬೀಜಕಣಗಳು ಬಾಲ ಬಡಿಯುತ್ತ ನೀರಿನಲ್ಲಿ ಈಜುತ್ತವೆ. ಅದರ ನಿಜವಾದ ಬಳಗ ಕಡಲಿನ ಕಂದುಪಾಚಿ, ಡಯಾಟಮ್‌ಗಳದು. ಬೆಳೆಗಾರನಿಗೆ ಇದು ದುಡ್ಡಿನ ವಿಷಯ. ಎಷ್ಟೋ ಶಿಲೀಂಧ್ರನಾಶಕಗಳು ಕೆಲಸ ಮಾಡುವುದು ಶಿಲೀಂಧ್ರದ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಎಂಬ ವಸ್ತುವಿನ ತಯಾರಿಯನ್ನು ತಡೆದು. ಫೈಟಾಫ್ತೊರಾ ಅದನ್ನು ತಯಾರಿಸುವುದೇ ಇಲ್ಲ, ಹಾಗಾಗಿ ಆ ಔಷಧಿ ಅದಕ್ಕೆ ನಾಟುವುದಿಲ್ಲ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ತಾಮ್ರ ಮಾತ್ರ ಎರಡೂ ಬಳಗಕ್ಕೆ ತಾಗುತ್ತದೆ. ಕೊಳೆರೋಗದ ಕರಪತ್ರ ಬರೆಯುವವರು ಈ ಒಂದು ಸಾಲು ಸೇರಿಸಿದರೆ, ಔಷಧಿ ಅಂಗಡಿಯಲ್ಲಿ ನಿಂತ ರೈತ ಯಾವ ಡಬ್ಬಿ ಬೇಡ ಎಂದು ತಾನೇ ಹೇಳಬಲ್ಲ.