ಆ ಮನೆಯಲ್ಲಿ ರಾತ್ರಿ ಎದ್ದಿರೋರು ಯಾರು?

ಎರಡು ವರ್ಷದ ಹಿಂದಿನ ಮಾತು. ಒಬ್ಬ ಹುಡುಗ ಮೊಬೈಲ್ ಟವರ್ ಹತ್ತಿ ಕೂತಿದ್ದ. ನಾವು ಲೈವ್ ತೋರಿಸಿದೆವು, ಬರೋಬ್ಬರಿ 40 ನಿಮಿಷ. ಪರದೆಯ ಕೆಳಗೆ ಓಡುತ್ತಿದ್ದ ಪಟ್ಟಿಯಲ್ಲಿ 'ಟವರ್ ಏರಿದ ಹುಚ್ಚ' ಅಂತ ಇತ್ತು. ಡೆಸ್ಕ್‌ನವರು ಬರೆದದ್ದು ಅಂತ ಜಾರಿಕೊಳ್ಳುವುದು ಸುಲಭ. ಆದರೆ ಅದನ್ನು ಜೋರು ದನಿಯಲ್ಲಿ ಮೂರು ಸಲ ಓದಿದ್ದು ನಾನೇ.

ಕೊನೆಗೆ ಹುಡುಗನನ್ನು ಇಳಿಸಿದರು. ಆ ಸಂಜೆ ತುಮಕೂರು ಕಡೆಯಿಂದ ಒಬ್ಬ ತಾಯಿ ಫೋನ್ ಮಾಡಿದರು. ಬೈಯಲಿಲ್ಲ. 'ನನ್ನ ಮಗನಿಗೂ ಅದೇ ಕಾಯಿಲೆ ಸಾರ್, ಬೈಪೋಲಾರು. ಅವನು ಏನು ಮಾಡ್ದ ಅಂತ ಅಷ್ಟೊತ್ತು ತೋರಿಸಿದ್ರಿ. ಆ ಮನೇಲಿ ರಾತ್ರಿ ಎದ್ದಿರೋರು ಯಾರು ಅಂತ ಒಂದ್ಸಲನಾದ್ರೂ ಕೇಳಿದ್ರಾ?' ಅಂದರು.

ಕೇಳಿರಲಿಲ್ಲ. ಆಮೇಲೆ ಈ ಪ್ರಶ್ನೆಯ ಹಿಂದೆ ಬಿದ್ದು ಓದಿದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ವೀಕ್ಷಕರೇ, ಬೈಪೋಲಾರ್ ಅಂದರೆ ಕೆಲವು ವಾರ ನಿದ್ದೆಯೇ ಬೇಡ, ಮಾತು ನಿಲ್ಲಲ್ಲ, ದುಡ್ಡು ನೀರು. ಇನ್ನೊಂದಷ್ಟು ತಿಂಗಳು ಹಾಸಿಗೆ ಬಿಟ್ಟು ಏಳಲಾಗದ ಖಿನ್ನತೆ. ನಡುವೆ ಎಲ್ಲರಂತೆ ಇರುವ ದಿನಗಳು. ಹಳೆಯ ಹೆಸರು ಮ್ಯಾನಿಕ್ ಡಿಪ್ರೆಶನ್. ಇದಕ್ಕೆ ಮೊದಲ ಗಟ್ಟಿ ಔಷಧ ಸಿಕ್ಕ ಕಥೆ ಸಿನಿಮಾದಂತಿದೆ. ಜಾನ್ ಕೇಡ್ ಅಂತ ಆಸ್ಟ್ರೇಲಿಯಾದ ವೈದ್ಯ. ಎರಡನೇ ಮಹಾಯುದ್ಧದಲ್ಲಿ ಜಪಾನಿಯರ ಕೈಗೆ ಸಿಕ್ಕಿ ಚಾಂಗಿಯಲ್ಲಿ ಮೂರೂವರೆ ವರ್ಷ ಸೆರೆಯಲ್ಲಿದ್ದವರು. ಊರಿಗೆ ಬಂದ ಮೇಲೆ ಮೆಲ್ಬರ್ನ್ ಹೊರವಲಯದ ಆಸ್ಪತ್ರೆಯಲ್ಲಿ, ಬಳಸದೇ ಬಿಟ್ಟಿದ್ದ ಒಂದು ಅಡುಗೆ ಕೋಣೆಯಲ್ಲಿ ಗಿನಿ ಹಂದಿಗಳ ಮೇಲೆ ಪ್ರಯೋಗ ಮಾಡಿದರು. ಲಿಥಿಯಂ ಎಂಬ ಅಗ್ಗದ ಉಪ್ಪನ್ನು ಉನ್ಮಾದದಲ್ಲಿದ್ದ 10 ರೋಗಿಗಳಿಗೆ ಕೊಟ್ಟು, 1949ರಲ್ಲಿ ಫಲಿತಾಂಶ ಪ್ರಕಟಿಸಿದರು.

ಈ ಕಥೆ ಹೇಳುವವರೆಲ್ಲ ಸಾಮಾನ್ಯವಾಗಿ ಇಲ್ಲಿಗೆ ಚಪ್ಪಾಳೆ ತಟ್ಟಿ ಮುಗಿಸುತ್ತಾರೆ. ನನಗೆ ಮುಖ್ಯ ಅನ್ನಿಸಿದ್ದು ಆಮೇಲಿನದು. ಕೇಡ್ ಅವರ ಮೊದಲ ರೋಗಿ, ಐವತ್ತು ದಾಟಿದ ಮನುಷ್ಯ, ಕೆಲವೇ ತಿಂಗಳಲ್ಲಿ ಹುಷಾರಾಗಿ ಮನೆಗೆ ಹೋದ. ಮನೆಯಲ್ಲಿ ಮಾತ್ರೆ ಬಿಟ್ಟ. ಮತ್ತೆ ಉನ್ಮಾದ, ಮತ್ತೆ ಆಸ್ಪತ್ರೆ. 1950ರಲ್ಲಿ ಅದೇ ಲಿಥಿಯಂ ದೇಹದಲ್ಲಿ ವಿಷವಾಗಿ ತೀರಿಕೊಂಡ. ರಕ್ತದಲ್ಲಿ ಲಿಥಿಯಂ ಮಟ್ಟ ನೋಡುವ ಅಭ್ಯಾಸ ಆಗಿನ್ನೂ ಬಂದಿರಲಿಲ್ಲ. ಲಿಥಿಯಂ ಮೇಲೆ ಮುಂದೆ ದೊಡ್ಡ ಕೆಲಸ ಮಾಡಿದ ಡೆನ್ಮಾರ್ಕಿನ ಮೊಗೆನ್ಸ್ ಶೌ ಅವರ ಸ್ವಂತ ತಮ್ಮನಿಗೇ ಮರುಕಳಿಸುವ ಖಿನ್ನತೆಯಿತ್ತು. ಅವರೂ ಒಬ್ಬ ರೋಗಿಯ ಮನೆಯವರೇ.

ನಾನು ಓದಿದ್ದು ಎಂಜಿನಿಯರಿಂಗ್. ಎಷ್ಟೇ ಒಳ್ಳೆಯ ಯಂತ್ರವಾದರೂ ದಿನಾ ಅದನ್ನು ನೋಡಿಕೊಳ್ಳುವವನಿಗೆ ಕೆಲಸ ಕಲಿಸದಿದ್ದರೆ ಕೆಡುತ್ತದೆ ಅಂತ ಮೊದಲ ವರ್ಷವೇ ಹೇಳಿಕೊಡ್ತಾರೆ. ಇಲ್ಲಿ ಮಾತ್ರೆ ಬಂತು, ರೋಗಿ ಮನೆಗೆ ಬಂದ. ಮನೆಯವರಿಗೆ ಕಲಿಸಿದ್ದು ಯಾರು?

ನಮ್ಮ ದೇಶದಲ್ಲಿ ಇದಕ್ಕೊಂದು ಸ್ವಾರಸ್ಯದ ಉತ್ತರ ಇದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ವಿದ್ಯಾಸಾಗರ್ ಅಂತ ಒಬ್ಬ ವೈದ್ಯರು ಆವರಣದಲ್ಲೇ ಡೇರೆ ಹಾಕಿಸಿ, ರೋಗಿಗಳ ಜತೆ ಅಪ್ಪ, ಅಮ್ಮ, ಹೆಂಡತಿ ಯಾರಿದ್ದರೋ ಅವರನ್ನೂ ಉಳಿಸಿಕೊಂಡರು. ಸರಪಳಿ, ಬೀಗದ ಕಾಲವದು. ರೋಗಿಯನ್ನು ಗೇಟಿನಲ್ಲಿ ಬಿಟ್ಟು ಹೋಗುವುದೇ ವಾಡಿಕೆ. ಅಂಥದ್ದರಲ್ಲಿ ಮನೆಯವರನ್ನು ಕೂರಿಸಿಕೊಂಡು ಕಾಯಿಲೆ ಏನು, ಹೇಗೆ ನೋಡಿಕೊಳ್ಳಬೇಕು ಅಂತ ಹೇಳಿಕೊಟ್ಟರು. ಆಮೇಲೆ ವೆಲ್ಲೂರಿನಲ್ಲಿ, ನಮ್ಮ ಬೆಂಗಳೂರಿನಲ್ಲೂ ಮನೆಯವರು ಜತೆಗಿರುವ ವ್ಯವಸ್ಥೆ ಬಂತು. ಹಾಸಿಗೆ, ಸಿಬ್ಬಂದಿ ಕಡಿಮೆ ಇದ್ದುದೂ ಒಂದು ಕಾರಣ, ಸುಳ್ಳು ಯಾಕೆ ಹೇಳೋದು. ಆದರೆ ಕೊರತೆಯಿಂದ ಹುಟ್ಟಿದರೂ ಅದು ಒಳ್ಳೆಯ ಪದ್ಧತಿ.

ಬೆಂಗಳೂರಿನ ವಿಷಯಕ್ಕೆ ಬರೋಣ. ಮೈಸೂರು ಸಂಸ್ಥಾನದ ಕಾಲದ 'ಲುನಾಟಿಕ್ ಅಸೈಲಂ' 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. 1954ರಲ್ಲಿ ಅದರ ಪಕ್ಕದಲ್ಲೇ ಅಖಿಲ ಭಾರತ ಸಂಸ್ಥೆ ಶುರುವಾಯಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. 1950ರ ದಶಕದಲ್ಲೇ ಇಲ್ಲಿ ಮನೋರೋಗ ಶುಶ್ರೂಷೆಗೆಂದೇ ಪ್ರತ್ಯೇಕ ತರಬೇತಿ ಆರಂಭವಾಗಿತ್ತು. ಸಕಲವಾರ ಗೊತ್ತಲ್ಲ, ಬನ್ನೇರುಘಟ್ಟದ ಆಚೆ? ಹಳ್ಳಿಯ ಮಾನಸಿಕ ಆರೋಗ್ಯದ ಕೆಲಸ 1970ರ ದಶಕದಲ್ಲಿ ಅಲ್ಲಿಂದ ಶುರು. ಮುಂದಿನ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ.

ಇದೇ ನಿಮ್ಹಾನ್ಸ್‌ನಲ್ಲಿ ಶೈಲಾ ಪೈ ಮತ್ತು ಆರ್.ಎಲ್. ಕಪೂರ್ ಒಂದು ಸರಳ ಪ್ರಶ್ನೆ ಎತ್ತಿಕೊಂಡರು. ಮನೆಯವರ ಮೇಲೆ ಬೀಳುವ ಭಾರವನ್ನು ಅಳೆಯುವುದು ಹೇಗೆ? 1981ರಲ್ಲಿ ಪ್ರಕಟವಾದ ಅವರ ಪ್ರಶ್ನಾವಳಿ ದುಡ್ಡು ಎಷ್ಟು ಹೋಯಿತು ಅಂತ ಮಾತ್ರ ಕೇಳಲಿಲ್ಲ. ಮನೆಯ ದಿನಚರಿ ಎಷ್ಟು ಕೆಟ್ಟಿತು, ಹಬ್ಬ-ಬಿಡುವು ಏನಾಯಿತು, ಮನೆಯೊಳಗೆ ಮಾತುಕತೆ ನಿಂತಿತಾ, ನೋಡಿಕೊಳ್ಳುವವರ ದೇಹ, ಮನಸ್ಸು ಹೇಗಿದೆ, ಎಲ್ಲ ಕೇಳಿತು. ಬೆಂಗಳೂರಿನಲ್ಲಿ ಹುಟ್ಟಿದ ಈ ಅಳತೆಗೋಲನ್ನು ಇವತ್ತಿಗೂ ಸಂಶೋಧಕರು ಬಳಸುತ್ತಾರೆ. ಆಮೇಲೆ ಇವರಿಬ್ಬರೇ ಇನ್ನೊಂದು ಪರೀಕ್ಷೆ ಮಾಡಿದರು. ಕೆಲವು ರೋಗಿಗಳನ್ನು ವಾರ್ಡಿಗೆ ಸೇರಿಸಿದರು. ಅಂಥವೇ ಇನ್ನು ಕೆಲವರನ್ನು ಮನೆಯಲ್ಲೇ ಬಿಟ್ಟು, ತರಬೇತಾದ ನರ್ಸ್ ಮನೆಗೇ ಹೋಗಿ ನೋಡಿ, ಮನೆಯವರ ಜತೆ ಮಾತಾಡಿ ಬರುವಂತೆ ಮಾಡಿದರು. ನರ್ಸ್ ಹೋದ ಮನೆಗಳ ರೋಗಿಗಳೇ ಹೆಚ್ಚು ಸುಧಾರಿಸಿದರು, ಮನೆಯವರ ಭಾರ ಇಳಿಯಿತು, ಖರ್ಚೂ ಕಡಿಮೆ ಆಯಿತು. ಆ ಅಧ್ಯಯನ ಸ್ಕಿಜೋಫ್ರೇನಿಯಾದ್ದು, ಬೈಪೋಲಾರ್‌ದಲ್ಲ, ನಿಜ. ಆದರೆ ರಾತ್ರಿ ಎದ್ದಿರುವ ಅಮ್ಮನಿಗೆ ಕಾಯಿಲೆಯ ಹೆಸರಿನಿಂದ ಏನು ವ್ಯತ್ಯಾಸ?

ನಲವತ್ತು ವರ್ಷವಾಯಿತು. ಆ ನರ್ಸ್ ನಮ್ಮ ಬೀದಿಗೆ ಯಾಕೆ ಬರಲಿಲ್ಲ? ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಬೈಪೋಲಾರ್ ಇರುವ ನೂರರಲ್ಲಿ ಸುಮಾರು 70 ಜನಕ್ಕೆ ಚಿಕಿತ್ಸೆಯೇ ಸಿಕ್ಕಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ 'ಆರೈಕೆದಾರ' ಅಂದರೆ ಯಾರು ಅಂತ ಬರೆದಿದೆ, 'ಮಾನಸಿಕ ಆರೋಗ್ಯ ನರ್ಸ್' ಅಂದರೆ ಯಾರು ಅಂತಲೂ ಬರೆದಿದೆ. ಇಬ್ಬರೂ ಕಾಯ್ದೆಯ ಒಂದೇ ಪಟ್ಟಿಯಲ್ಲಿದ್ದಾರೆ, ಒಂದೇ ಮನೆಯಲ್ಲಿ ಭೇಟಿಯಾಗುವುದು ಅಪರೂಪ. ಚಿಕಿತ್ಸೆಯಲ್ಲಿರುವ ರೋಗಿಯ ಫೋಟೋವನ್ನು ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡಬಾರದು ಅಂತಲೂ ಅದರಲ್ಲಿದೆ. ಟವರ್ ಮೇಲಿರುವವನಿಗೆ ಅದು ಅನ್ವಯಿಸಲ್ಲ ಅಂತ ವಕೀಲರು ವಾದ ಮಾಡಬಹುದು. ಮಾಡಲಿ ಬಿಡಿ.

ತುಮಕೂರಿನ ಆ ಅಮ್ಮನಿಗೆ ಆಮೇಲೆ ನಾನೇ ಫೋನ್ ಮಾಡಿದೆ. ಮಗನಿಗೆ ಈಗ ಕೆಲಸ ಇದೆ, ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಎಂಟು ವರ್ಷ ಡಾಕ್ಟರ ಹತ್ತಿರ ಓಡಾಡಿದರಂತೆ. ಚೀಟಿ ಬರೆದುಕೊಟ್ಟರು, ಹೇಳಿಕೊಟ್ಟಿದ್ದು ಮಾತ್ರ ಯಾರೂ ಇಲ್ಲ. ಒಂದು ಸಲ ವಾರ್ಡಿನಲ್ಲಿದ್ದಾಗ ಒಬ್ಬ ಸಿಸ್ಟರ್ ರಾತ್ರಿ ಪಾಳಿಯಲ್ಲಿ ಪಕ್ಕ ಕೂತು ಅರ್ಧ ಗಂಟೆ ಮಾತಾಡಿದರು. ಮಗ ಎಷ್ಟು ಗಂಟೆ ಮಲಗಿದ ಅಂತ ದಿನಾ ಬರೆದಿಡಿ, ಎರಡು-ಮೂರು ರಾತ್ರಿ ನಿದ್ದೆ ಇಳಿದರೆ ಕಾಯಬೇಡಿ, ಕರೆದುಕೊಂಡು ಬನ್ನಿ. ಲಿಥಿಯಂ ತಗೊಳ್ಳುವಾಗ ನೀರು ಕಡಿಮೆ ಮಾಡಬೇಡಿ, ಇದ್ದಕ್ಕಿದ್ದಂತೆ ಉಪ್ಪು ಬಿಡಿಸಬೇಡಿ. ವಾಂತಿ-ಭೇದಿ ಆದರೆ, ಕೈ ಜೋರಾಗಿ ನಡುಗಿದರೆ ತಕ್ಷಣ ಆಸ್ಪತ್ರೆ. ಡಾಕ್ಟರನ್ನು ಕೇಳದೆ ಮೆಡಿಕಲ್ ಶಾಪಿನ ನೋವಿನ ಮಾತ್ರೆ ಕೊಡಬೇಡಿ. ಉಷಾರಾದ ಅಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಅವನು ಉನ್ಮಾದದಲ್ಲಿದ್ದಾಗ ವಾದಕ್ಕೆ ಇಳಿಯಬೇಡಿ. ಕೊನೆಗೆ, 'ನೀವು ಯಾವಾಗ ಮಲಗ್ತೀರಮ್ಮಾ?' ಅಂತ ಕೇಳಿದರಂತೆ.

'ಎಂಟು ವರ್ಷದಲ್ಲಿ ಅದನ್ನ ಕೇಳಿದ್ದು ಅವರೊಬ್ಬರೇ ಸಾರ್' ಅಂದರು. ಈಗ ಅವರ ಹತ್ತಿರ ನಿದ್ದೆ ಬರೆದ ನೋಟ್‌ಬುಕ್‌ಗಳು ಹನ್ನೊಂದಿವೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, 2022ರಿಂದ ನಡೆಯುತ್ತಿದೆ, ಮನೆಯವರೂ ಕರೆ ಮಾಡಬಹುದು ಅಂತ ನಾನು ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು.

ಫೋನ್ ಇಡುವ ಮುಂಚೆ, ಆ ಟವರ್ ಹುಡುಗನ ತಾಯಿಯ ನಂಬರ್ ಇದ್ದರೆ ಕೊಡಿ, ನೋಟ್‌ಬುಕ್ ವಿಷಯ ಹೇಳಬೇಕಿತ್ತು ಅಂದರು. ಹೋಗಿ ಡೆಸ್ಕಿನಲ್ಲಿ ಕೇಳಿದೆ. 40 ನಿಮಿಷದ ಫುಟೇಜ್ ಇತ್ತು. ನಂಬರ್ ಯಾರೂ ತಗೊಂಡಿರಲಿಲ್ಲ.