ಹೆಸರು ಯಾರದು, ಹೊಣೆ ಯಾರದು? ಕಟ್ಟಡ ಪ್ರದರ್ಶನಗಳ ಹಿಂದಿನ ಕಥೆ

ಇವತ್ತಿನ ಎಪಿಸೋಡ್ ಕಟ್ಟಡ ಸಾಮಗ್ರಿಗಳ ವಸ್ತುಪ್ರದರ್ಶನದ ಬಗ್ಗೆ. ಸಿಮೆಂಟು, ಕಬ್ಬಿಣ, ಟೈಲ್ಸ್ ಅಂದ ಕೂಡಲೇ ಮುಂದಿನ ಎಪಿಸೋಡಿಗೆ ಜಿಗೀಬೇಡ್ರಿ. ಇವತ್ತಲ್ಲ ನಾಳೆ ನೀವೂ ಒಂದು ಮನೆ ಕಟ್ಟಿಸ್ತೀರಿ, ಇಲ್ಲಾ ಫ್ಲ್ಯಾಟ್ ತಗೋತೀರಿ. ಅದೂ ಇಲ್ಲ ಅಂದ್ರೆ ಯಾರೋ ಕಟ್ಟಿಸಿದ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಬಾಡಿಗೆಗೆ ಇರ್ತೀರಿ. ರಾತ್ರಿ ಮಲಗಿದಾಗ ತಲೆ ಮೇಲೆ ಒಂದು ಸ್ಲ್ಯಾಬ್ ಇರುತ್ತೆ. ಅದನ್ನ ನಾವು ಯಾರ ಹೆಸರು ನೋಡಿ ನಂಬಿದ್ದೀವಿ ಅನ್ನೋದೇ ಇವತ್ತಿನ ವಿಷಯ.

ಈ ಥರದ ದೊಡ್ಡ ಜಾತ್ರೆ ನಮ್ಮ ರಾಜ್ಯದಲ್ಲೇ ನಡೆಯುತ್ತೆ. ಬೆಂಗಳೂರಿನ ತುಮಕೂರು ರಸ್ತೆಯ ಬಿಐಇಸಿಯಲ್ಲಿ ಸಿಐಐ ಎರಡು ವರ್ಷಕ್ಕೊಮ್ಮೆ ನಡೆಸೋ ಎಕ್ಸ್‌ಕಾನ್. ಅಲ್ಲಿ ಮನೆಯಷ್ಟು ಎತ್ತರದ ಯಂತ್ರಗಳೇ ನಿಂತಿರ್ತಾವೆ. ನಮ್ಮ ಹುಬ್ಬಳ್ಳಿ-ಧಾರವಾಡದ ಪ್ರದರ್ಶನಗಳು ಅಷ್ಟು ದೊಡ್ಡವಲ್ಲ. ಒಂದು ಮೈದಾನ ಅಥವಾ ಸಭಾಂಗಣ, ಸಾಲಾಗಿ ಮಳಿಗೆ. ಟಿಎಂಟಿ ಸಳಿ, ಹಗುರ ಇಟ್ಟಿಗೆ, ಪ್ಲಾಸ್ಟಿಕ್ ಚೌಕಟ್ಟಿನ ಕಿಟಕಿ, ವಾಟರ್‌ಪ್ರೂಫಿಂಗ್ ಡಬ್ಬಿ. ಕೈಗೆ ಒಂದು ಚೀಲ, ಚೀಲದ ತುಂಬ ಬ್ರೋಷರ್.

ಅಂಥ ಒಂದು ಪ್ರದರ್ಶನದಲ್ಲಿ ಸುತ್ತಾಡುವಾಗ ನನ್ನ ಕಣ್ಣಿಗೆ ಬಿದ್ದಿದ್ದು ಹೆಸರುಗಳು. ಎಲ್ಲಿ ನೋಡಿದರೂ ಹೆಸರು. ಸಿಮೆಂಟ್ ಚೀಲದ ಮೇಲೆ ಹೆಸರು, ಸಳಿಯ ಮೈಮೇಲೆ ಹೆಸರು, ನಲ್ಲಿಯ ತಿರುಪಿನ ಮೇಲೂ ಹೆಸರು. ನಾನು ಓದಿದ್ದು ಬಿ.ಕಾಂ. ನಮಗೆ ಗುಡ್‌ವಿಲ್ ಅಂತ ಒಂದು ಪಾಠ ಇತ್ತು: ಕಣ್ಣಿಗೆ ಕಾಣಲ್ಲ, ಮುಟ್ಟೋಕೆ ಬರಲ್ಲ, ಆದರೂ ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿ. ಇಲ್ಲಿ ಮಾರಾಟಕ್ಕಿದ್ದದ್ದು ಅರ್ಧ ಅದೇ. ಒಬ್ಬ ಸೇಲ್ಸ್ ಹುಡುಗನ್ನ ಕೇಳಿದೆ, "ಇದನ್ನೆಲ್ಲ ಸರಿಯಾಗಿ ಕೂಡಿಸಿದ್ದಾರೋ ಇಲ್ಲೋ ಅಂತ ನೋಡೋರು ಯಾರ್ರಿ?" ಅವನು ನಕ್ಕು ಹೇಳಿದ, "ಅದನ್ನ ನಿಮ್ಮ ಗೌಂಡಿ ನೋಡ್ಕೋತಾನ್ರಿ ಸರ."

ಗೌಂಡಿ. ಇಡೀ ಪ್ರದರ್ಶನದಲ್ಲಿ ಅವನಿಗೊಂದು ಮಳಿಗೆ ಇರಲಿಲ್ಲ.

ಕಲ್ಲಿನ ಮೇಲೆ ಸಹಿ

ನಮ್ಮ ಉಣಕಲ್‌ಗೆ ಬನ್ನಿ. ಚಿಗರಿ ಬಸ್ಸಿನಲ್ಲಿ ಕೂತವರಿಗೆ ಉಣಕಲ್ ಅಂದ್ರೆ ಕೆರೆ. ಊರೊಳಗೆ ನಡೆದರೆ ಮನೆಗಳ ನಡುವೆ ಚಂದ್ರಮೌಳೇಶ್ವರ ಗುಡಿ ಇದೆ. ಕಲ್ಯಾಣ ಚಾಲುಕ್ಯರ ಕಾಲದ್ದು, ಅಂದ್ರೆ ಸುಮಾರು 11-12ನೇ ಶತಮಾನ. ನಾಲ್ಕೂ ದಿಕ್ಕಿಗೆ ಬಾಗಿಲು. ಈಗ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ.

ಈ ಗುಡಿ ಕಟ್ಟಿದ ಕಾಲಕ್ಕೆ ಕಟ್ಟಡದ ಲೋಕದಲ್ಲಿ ಒಂದು 'ಹೊಸ ಪ್ರಾಡಕ್ಟ್' ಓಡ್ತಾ ಇತ್ತು. ಅದಕ್ಕಿಂತ ಹಿಂದೆ ಬಾದಾಮಿ, ಐಹೊಳೆ, ಪಟ್ಟದಕಲ್ಲಿನಲ್ಲಿ ಕಟ್ಟಿದ್ದು ಕೆಂಪು ಮರಳುಗಲ್ಲಿನಲ್ಲಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಧಾರವಾಡ, ಗದಗ ಭಾಗದ ಶಿಲ್ಪಿಗಳು ಬಳಪದ ಕಲ್ಲಿನ ಜಾತಿಯ ಕಲ್ಲಿಗೆ ಬದಲಾದರು. ಗಣಿಯಿಂದ ತೆಗೆದಾಗ ಇದು ಮೆತ್ತಗಿರುತ್ತೆ, ಉಳಿ ಸಲೀಸಾಗಿ ಓಡುತ್ತೆ. ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿಯಾಗುತ್ತೆ. ಲಕ್ಕುಂಡಿಯ ಕಂಬಗಳು ಕಡೆದ ಹಿತ್ತಾಳೆ ಪಾತ್ರೆಯ ಹಾಗೆ ಹೊಳೆಯೋದು ಈ ಕಲ್ಲಿನಿಂದ.

ಉಣಕಲ್ ಗುಡಿ ಕಟ್ಟಿದ್ದು ಯಾರು ಅಂತ ಕೇಳಿದರೆ ಬರೋ ಉತ್ತರ ಒಂದೇ: ಜಕಣಾಚಾರಿ. ಕರ್ನಾಟಕದಲ್ಲಿ ಎಲ್ಲಿ ಹಳೇ ಗುಡಿ ಇದ್ದರೂ ಅದೇ ಉತ್ತರ. ಸರ್ಕಾರ 2021ರಿಂದ ಜನವರಿ 1ನ್ನು ಅವನ ಸಂಸ್ಮರಣಾ ದಿನ ಅಂತ ಆಚರಿಸ್ತಿದೆ. ಅಷ್ಟೊಂದು ಗುಡಿಗಳನ್ನ ಒಬ್ಬನೇ ಮನುಷ್ಯ ಕಟ್ಟೋಕಾಗಲ್ಲ ಅಂತ ಜನಕ್ಕೂ ಗೊತ್ತು. ಆದರೂ ಒಂದು ಹೆಸರು ಬೇಕು. ಕಟ್ಟಡ ನೋಡಿದ ಮೇಲೆ ಕಟ್ಟಿದವರು ಯಾರು ಅಂತ ಕೇಳೋದು ಮನುಷ್ಯನ ಸಹಜ ಗುಣ.

ಕೆಲವು ಕಡೆ ಉತ್ತರ ಕಲ್ಲಿನಲ್ಲೇ ಸಿಗುತ್ತೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನ 8ನೇ ಶತಮಾನದಲ್ಲಿ ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಅವಳ ಗಂಡ ಎರಡನೇ ವಿಕ್ರಮಾದಿತ್ಯ ಕಂಚಿಯನ್ನ ಗೆದ್ದ ನೆನಪಿಗೆ ಕಟ್ಟಿಸಿದ್ದು. ಅಲ್ಲಿನ ಶಾಸನಗಳು ರಾಣಿಯ ಜೊತೆಗೆ ಕಟ್ಟಿದವನನ್ನೂ ಹೆಸರಿಸ್ತವೆ: ಗುಂಡ, ಅನಿವಾರಿತಾಚಾರಿ. ರಾಜ ಅವನಿಗೆ ಕೊಟ್ಟ ಬಿರುದು ತ್ರಿಭುವನಾಚಾರಿ. ಬಳ್ಳಾರಿ ಸೀಮೆಯ ಹೊಳಲಿನ ಅಮೃತೇಶ್ವರ ಗುಡಿಯ ಶಾಸನದಲ್ಲಿ ಬಮ್ಮೋಜ ಬರ್ತಾನೆ. ನಾಗರ, ಕಳಿಂಗ, ದ್ರಾವಿಡ, ವೇಸರ ಅನ್ನೋ ನಾಲ್ಕೂ ಮಾದರಿಯಲ್ಲಿ ನಿಪುಣ ಅಂತ ಅವನ ಹೊಗಳಿಕೆ. ಇವತ್ತಿನ ಬ್ರೋಷರಿನ ಭಾಷೆ ಇದಕ್ಕಿಂತ ಬಹಳ ದೂರ ಇಲ್ಲ.

ಬೇಲೂರಿನಲ್ಲಂತೂ ಪೈಪೋಟಿಯೇ ಕಾಣುತ್ತೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ತಾವು ಕಡೆದ ಮೂರ್ತಿಗಳ ಕೆಳಗೆ ಹೆಸರು ಕೊರೆದಿದ್ದಾರೆ. ಜೊತೆಗೆ ಎದುರಾಳಿ ಶಿಲ್ಪಿಗಳನ್ನ ಸೋಲಿಸೋನು ಅನ್ನೋ ಧಾಟಿಯ ಬಿರುದುಗಳೂ ಇವೆ. ಹೊಯ್ಸಳರ ಕಾಲದ ಮಲ್ಲಿತಮ್ಮನ ಸಹಿ ಅಮೃತಾಪುರದಿಂದ ಸೋಮನಾಥಪುರದ ತನಕ ಸಿಗುತ್ತೆ.

ಹಾಗಂತ ಹಳೇ ಕಾಲ ಎಲ್ಲಾ ಚಂದ ಇತ್ತು ಅಂತ ನಾನು ಹೇಳ್ತಿಲ್ಲ. ಗಣಿಯಿಂದ ಕಲ್ಲು ಎಳೆದವರ ಹೆಸರು ಅಲ್ಲೂ ಇಲ್ಲ. ಆದರೆ ಒಂದು ವ್ಯತ್ಯಾಸ ಇದೆ. ಕಲ್ಲಿನ ಕೆಲಸದಲ್ಲಿ ಬಿರುಕು ಹೊರಗೇ ಕಾಣುತ್ತೆ. ಅದರ ಪಕ್ಕದಲ್ಲೇ ಹೆಸರು ಕೊರೆಯೋನಿಗೆ ಧೈರ್ಯ ಬೇಕು.

ಹಂಚಿನ ಮೇಲೆ ಠಸ್ಸೆ

ಈಗ ಏಳು-ಎಂಟು ನೂರು ವರ್ಷ ದಾಟಿ ಮಂಗಳೂರಿಗೆ ಹೋಗೋಣ. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್, 1865ರಲ್ಲಿ ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿತು. ನಡೆಸಿದವರು ಜಾರ್ಜ್ ಪ್ಲೆಬ್‌ಸ್ಟ್. 1868ರಲ್ಲಿ ಆಲ್ಬುಕರ್ಕ್ ಮನೆತನದ ಕಾರ್ಖಾನೆಯೂ ಬಂತು. ಹುಬ್ಬಳ್ಳಿಯ ಹಳೇ ಓಣಿಗಳಲ್ಲಿ ಯಾವುದಾದರೂ ಮನೆ ಬಿಚ್ಚುವಾಗ ಒಂದು ಹಂಚು ತಿರುಗಿಸಿ ನೋಡ್ರಿ. ತಯಾರಿಸಿದವರ ಹೆಸರು ಉಬ್ಬಕ್ಷರದಲ್ಲಿ ಇರುತ್ತೆ.

ಇದು ಶಿಲ್ಪಿಯ ಸಹಿಗಿಂತ ಬೇರೆ. ಚಾವಣ ಸಹಿ ಹಾಕಿದ್ದು ಅಂಥದ್ದು ಇನ್ನೊಂದಿಲ್ಲ ಅಂತ ಹೇಳೋಕೆ. ಹಂಚಿನ ಠಸ್ಸೆ ಹೇಳೋದು ತದ್ವಿರುದ್ಧ: ಈ ಹಂಚು ಹೇಗಿದೆಯೋ ಸಾವಿರದ ಒಂದನೇ ಹಂಚೂ ಹಾಗೇ ಇರುತ್ತೆ. ಒಡೆದರೆ ಅದೇ ಹೆಸರಿನ ಇನ್ನೊಂದು ತಂದು ಕೂರಿಸಿ, ಪಕ್ಕದ್ದಕ್ಕೆ ಸರಿಯಾಗಿ ಕಚ್ಚಿಕೊಳ್ಳುತ್ತೆ. ಮನೆ ಮಾಲೀಕ ಕುಂಬಾರನ ಮುಖ ನೋಡಿ ಹಂಚು ಕೊಳ್ಳೋದು ನಿಂತಿತು. ಠಸ್ಸೆ ನೋಡಿ ಕೊಳ್ಳೋದು ಶುರುವಾಯಿತು.

ವಸ್ತುಪ್ರದರ್ಶನಗಳು ಬೆಳೆದದ್ದೂ ಇದೇ ಕಾಲದಲ್ಲಿ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ನಡೆದ ಮಹಾ ಪ್ರದರ್ಶನಕ್ಕೆ ಸುಮಾರು 60 ಲಕ್ಷ ಜನ ಬಂದರು. ಪ್ರದರ್ಶನ ನಡೆದ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಡವೇ ದೊಡ್ಡ ಮಾದರಿ. ಜೋಸೆಫ್ ಪ್ಯಾಕ್ಸ್‌ಟನ್ ಅದನ್ನ ಒಂದೇ ಅಳತೆಯ ಕಬ್ಬಿಣದ ಭಾಗ ಮತ್ತು ಗಾಜಿನಿಂದ ಜೋಡಿಸಿದ್ದ. ನಮ್ಮಲ್ಲಿ ಮೈಸೂರು ದಸರಾ ವಸ್ತುಪ್ರದರ್ಶನ ಒಡೆಯರ ಕಾಲದಲ್ಲಿ ಶುರುವಾಯಿತು. ಇವತ್ತು ಅಲ್ಲಿಗೆ ಹೋಗೋದು ಹಪ್ಪಳ ತಿನ್ನೋಕೆ, ಜಾಯಿಂಟ್ ವ್ಹೀಲ್ ಹತ್ತೋಕೆ. ಆಗ ಅದರ ಉದ್ದೇಶ ಕೃಷಿ ಮತ್ತು ಕೈಗಾರಿಕೆಯ ಹೊಸತನ್ನ ಜನರ ಕಣ್ಣಿಗೆ ತೋರಿಸೋದಾಗಿತ್ತು. ಮುಟ್ಟಿ ನೋಡು, ಪಕ್ಕದ್ದಕ್ಕೆ ಹೋಲಿಸು, ಆಮೇಲೆ ಕೊಳ್ಳು. ಟ್ರೇಡ್ ಶೋ ಅನ್ನೋದರ ಮೂಲ ಇಷ್ಟೇ.

ಚೀಲದ ಮೇಲಿನ ಮುದ್ರೆ

ಹಂಚನ್ನ ಮುಟ್ಟಿ ನೋಡಬಹುದು, ಬೆರಳಿನಿಂದ ತಟ್ಟಿ ಸದ್ದು ಕೇಳಬಹುದು. ಸಿಮೆಂಟನ್ನ ಏನು ಮಾಡ್ತೀರಿ? ಜೋಸೆಫ್ ಆಸ್ಪ್‌ಡಿನ್ ಇಂಗ್ಲೆಂಡಿನಲ್ಲಿ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ತಗೊಂಡ. ಅಲ್ಲಿಂದ ಕಟ್ಟಡದ ಲೋಕದಲ್ಲಿ ಒಂದು ವಿಚಿತ್ರ ಆಯಿತು. ಒಳ್ಳೇ ಪುಡಿ, ಕೆಟ್ಟ ಪುಡಿ ಎರಡೂ ಬೂದು ಬಣ್ಣ. ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ.

ಹಾಗಾಗಿ ಕಂಪನಿಯ ಹೆಸರೊಂದೇ ಸಾಲದಾಯಿತು, ಮೂರನೆಯವರ ಸಾಕ್ಷಿ ಬೇಕಾಯಿತು. 1947ರ ಜನವರಿಯಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳ ಮುಂಚೆ, ಐಎಸ್ಐ ಸಂಸ್ಥೆ ಹುಟ್ಟಿತು. 1987ರಲ್ಲಿ ಅದು ಬಿಐಎಸ್ ಆಯಿತು. ಇವತ್ತು ಐಎಸ್ಐ ಮುದ್ರೆ ಇಲ್ಲದ ಸಿಮೆಂಟ್ ಮಾರೋ ಹಾಗಿಲ್ಲ. ಚೀಲದ ಮೇಲೆ ತಯಾರಾದ ವಾರ, ವರ್ಷ ಇರಬೇಕು, ಯಾಕಂದ್ರೆ ಇಟ್ಟಷ್ಟು ದಿನ ಸಿಮೆಂಟಿನ ಕಸುವು ಇಳಿಯುತ್ತೆ. 43 ಗ್ರೇಡ್, 53 ಗ್ರೇಡ್ ಅನ್ನೋದು 28 ದಿನದ ಪರೀಕ್ಷೆಯಲ್ಲಿ ಅದು ತಡೆಯಬೇಕಾದ ಒತ್ತಡದ ಲೆಕ್ಕ.

ಅಂದ್ರೆ ಚೀಲ ಅಂಗಡಿಯಲ್ಲಿ ಇರೋ ತನಕ ಅದಕ್ಕೆ ಹೆಸರಿದೆ, ಮುದ್ರೆ ಇದೆ, ತಾರೀಖಿದೆ. ಚೀಲ ಹರಿದು ಮಿಕ್ಸರಿಗೆ ಸುರಿದ ಕ್ಷಣ ಇದೆಲ್ಲ ಮುಗೀತು. ಅದಕ್ಕೆ ಉಸುಕು ಎಷ್ಟು, ಖಡಿ ಎಷ್ಟು, ನೀರು ಎಷ್ಟು? ನೀರು ಜಾಸ್ತಿ ಹಾಕಿದರೆ ಕಾಂಕ್ರೀಟ್ ಸಲೀಸಾಗಿ ಹರಿಯುತ್ತೆ, ಕೆಲಸ ಬೇಗ ಮುಗಿಯುತ್ತೆ, ಕಸುವು ಕಡಿಮೆಯಾಗುತ್ತೆ. ಮೇಲೆ ಗಿಲಾವ್ ಮಾಡಿ ಬಣ್ಣ ಹೊಡೆದ ಮೇಲೆ ಯಾರಿಗೂ ಕಾಣಲ್ಲ. ಅತ್ಯುತ್ತಮ ಸಿಮೆಂಟ್, ಅತ್ಯುತ್ತಮ ಸಳಿ ತಂದು ಕೆಟ್ಟ ಕಂಬ ಕಟ್ಟಬಹುದು. ಪ್ರದರ್ಶನದ ಯಾವ ಮಳಿಗೆಯೂ ಇದನ್ನ ಹೇಳಲ್ಲ.

ಮಾರ್ಚ್ 19, 2019

ಆ ದಿನ ಮಧ್ಯಾಹ್ನ ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕೆಲಸ ನಡೀತಿದ್ದ ಬಹುಮಹಡಿ ಕಟ್ಟಡ ಕುಸಿದು ಬಿತ್ತು. 19 ಜನ ಸತ್ತರು. ಅವಶೇಷದಡಿ ಸಿಕ್ಕವರನ್ನ ಹೊರತೆಗೆಯೋ ಕೆಲಸ ದಿನಗಟ್ಟಲೆ ನಡೀತು. ಹುಬ್ಬಳ್ಳಿ-ಧಾರವಾಡದ ನಮ್ಮ ವಯಸ್ಸಿನವರಿಗೆ ಆ ವಾರದ ವಾಟ್ಸಾಪ್ ವಿಡಿಯೋಗಳು ಇನ್ನೂ ನೆನಪಿವೆ.

ಭೂಕಂಪ ಆಗಿರಲಿಲ್ಲ, ನೆರೆ ಬಂದಿರಲಿಲ್ಲ. ಹೊಸ ಕಟ್ಟಡ ತಾನಾಗೇ ಬಿತ್ತು. ಉಣಕಲ್ ಗುಡಿ ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿ, ಎಂಟುನೂರು ವರ್ಷ ಮೀರಿ ನಿಂತಿದೆ. ಹಿಂದಿನವರು ಜಾಣರು, ನಾವು ದಡ್ಡರು ಅಂತ ಇದರ ಅರ್ಥ ಅಲ್ಲ. ಬಿದ್ದ ಹಳೇ ಕಟ್ಟಡಗಳನ್ನ ನಾವು ನೋಡಿಲ್ಲ, ನಿಂತವು ಮಾತ್ರ ಉಳಿದಿವೆ. ನನ್ನನ್ನ ಕಾಡೋ ಪ್ರಶ್ನೆ ಬೇರೆ. ಬಿದ್ದ ಮೇಲೆ ನಾವು ಹೆಸರು ಹುಡುಕ್ತೀವಿ: ಮಾಲೀಕ ಯಾರು, ಎಂಜಿನಿಯರ್ ಯಾರು, ಪರವಾನಗಿ ಕೊಟ್ಟವರು ಯಾರು? ನಿಂತಿದ್ದಾಗ ಆ ಹೆಸರುಗಳನ್ನ ಕೇಳಿದವರು ಎಷ್ಟು ಜನ?

ಅಕೌಂಟ್ಸ್‌ನಲ್ಲಿ ಒಂದು ನಿಯಮ ಇದೆ. ವೋಚರ್ ಇಲ್ಲದ ಎಂಟ್ರಿಯನ್ನ ಆಡಿಟರ್ ಒಪ್ಪಲ್ಲ. ನೂರು ರೂಪಾಯಿ ಚಹಾ ಖರ್ಚಿಗೂ ಒಂದು ಸಹಿ ಬೇಕು. ಒಂದು ಕಂಬಕ್ಕೆ ಬೇಡವಾ?

ವೋಚರ್ ಇದೆ ರೀ, ನಾವು ಕೇಳಲ್ಲ ಅಷ್ಟೇ. ಐಎಸ್ 456 ಅನ್ನೋ ಕಾಂಕ್ರೀಟ್ ಸಂಹಿತೆಯ ಪ್ರಕಾರ ಐದು ಘನ ಮೀಟರ್ ಒಳಗಿನ ಕೆಲಸಕ್ಕೂ ಕನಿಷ್ಠ ಒಂದು ಸ್ಯಾಂಪಲ್ ತೆಗೀಬೇಕು. ಒಂದು ಸ್ಯಾಂಪಲ್ ಅಂದ್ರೆ ಮೂರು ತುಂಡು. ಸಾಮಾನ್ಯವಾಗಿ 15 ಸೆಂಟಿಮೀಟರ್‌ನ ಘನಾಕೃತಿ ಅಚ್ಚಿನಲ್ಲಿ ಕಾಂಕ್ರೀಟ್ ತುಂಬಿ, ನೀರಲ್ಲಿಟ್ಟು, 28 ದಿನಕ್ಕೆ ಲ್ಯಾಬಿನಲ್ಲಿ ಒಡೆದು ನೋಡ್ತಾರೆ. ಅದರ ವರದಿಗೆ ಸಹಿ, ತಾರೀಖು ಇರುತ್ತೆ.

ಕಾನೂನೂ ಒಂದಿಷ್ಟು ಬಂದಿದೆ. 2016ರ ರೇರಾ ಕಾಯ್ದೆಯ ನಿಯಮಗಳು ಕರ್ನಾಟಕದಲ್ಲಿ 2017ರಲ್ಲಿ ಜಾರಿಯಾದವು. 500 ಚದರ ಮೀಟರ್ ಮೀರಿದ ಜಾಗ ಅಥವಾ 8ಕ್ಕಿಂತ ಹೆಚ್ಚು ಫ್ಲ್ಯಾಟ್ ಇದ್ದರೆ ಬಿಲ್ಡರ್ ನೋಂದಣಿ ಮಾಡಿಸಬೇಕು, ಆ ಸಂಖ್ಯೆಯನ್ನ ಜಾಹೀರಾತಿನಲ್ಲಿ ಹಾಕಬೇಕು. ಮನೆ ಕೈಗೆ ಬಂದ ಐದು ವರ್ಷದೊಳಗೆ ರಚನೆಯ ದೋಷ ಕಂಡರೆ ಬಿಲ್ಡರೇ ಸರಿಪಡಿಸಿ ಕೊಡಬೇಕು, ಅದೂ ಪುಕ್ಕಟೆ. ಆದರೆ ಓಣಿಯಲ್ಲಿ 30-40 ಸೈಟಿನಲ್ಲಿ ಏಳೋ ಮನೆಗಳು ಇದರ ಲೆಕ್ಕಕ್ಕೆ ಬರಲ್ಲ. ಅಲ್ಲಿ ನಮಗೆ ಉಳಿಯೋದು ಎಂಜಿನಿಯರ್, ಗೌಂಡಿ, ಮತ್ತೆ ನಾವು.

ಗೌಂಡಿಗೂ ಒಂದು ಕಾಗದದ ಮೇಲೆ ಹೆಸರಿದೆ. ಕಟ್ಟಡ ಕಾರ್ಮಿಕರ ಕಾನೂನಿನಡಿ ಅವನಿಗೆ ಕಾರ್ಮಿಕ ಮಂಡಳಿಯ ಕಾರ್ಡ್ ಸಿಗುತ್ತೆ, ಕಟ್ಟಡದ ವೆಚ್ಚದ ಮೇಲೆ ಹಾಕೋ ಸೆಸ್ ಆ ಮಂಡಳಿಗೆ ಹೋಗುತ್ತೆ. ಧಾರವಾಡದಂಥ ದುರಂತ ಆದಾಗ ಮೊದಲು ಅಪಾಯದಲ್ಲಿರೋನು ಅವನೇ. ಹೊಣೆ ಮಾತ್ರ ಅವನ ತಲೆಗೆ ಕಟ್ಟಿ, ಹೆಸರು ಮಾತ್ರ ಸಿಮೆಂಟ್ ಕಂಪನಿಗೆ ಕೊಡೋದು ಯಾವ ನ್ಯಾಯ?

ಮುಂದಿನ ಸಲ ಹುಬ್ಬಳ್ಳಿಯಲ್ಲಿ ಇಂಥ ಪ್ರದರ್ಶನ ಬಂದರೆ ಹೋಗ್ರಿ, ಚೀಲ ತುಂಬ ಬ್ರೋಷರ್ ತರ್ರಿ, ತಪ್ಪಿಲ್ಲ. ಆದರೆ ಮನೆ ಕಟ್ಟಿಸೋರು, ಕೊಳ್ಳೋರು ಮೂರು ಪ್ರಶ್ನೆ ಬರೆದಿಟ್ಟುಕೊಳ್ಳಿ. ಸ್ಟ್ರಕ್ಚರಲ್ ಡ್ರಾಯಿಂಗಿಗೆ ಸಹಿ ಹಾಕಿದ ಎಂಜಿನಿಯರ್ ಹೆಸರೇನು? ಕ್ಯೂಬ್ ಟೆಸ್ಟ್ ವರದಿ ಎಲ್ಲಿದೆ? ಸ್ಲ್ಯಾಬ್ ಹಾಕಿದ ದಿನ ಸೈಟಿನಲ್ಲಿ ನಿಂತು ನೋಡಿದವರು ಯಾರು? ಉತ್ತರ ಕೊಡೋಕೆ ಬಿಲ್ಡರ್ ಹಿಂಜರಿದರೆ, ನಿಮಗೆ ಬೇಕಾದ ಉತ್ತರ ಸಿಕ್ಕಿತು ಅಂತಲೇ ತಿಳ್ಕೊಳ್ಳಿ.

ನಿಮ್ಮ ಮನೆ ಕಟ್ಟಿದ ಗೌಂಡಿಯ ಹೆಸರು ನಿಮಗೆ ಗೊತ್ತಿದ್ದರೆ ನನಗೊಂದು ವಾಯ್ಸ್ ನೋಟ್ ಕಳಿಸ್ರಿ. ಗೊತ್ತಿಲ್ಲ ಅಂದ್ರೆ ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯ ಹಿರಿಯರನ್ನ ಕೇಳ್ರಿ. ಬರ್ತೀನ್ರಿ, ಮುಂದಿನ ವಾರ ಸಿಗೋಣ.