ಬಿತ್ತಿದವರ ಕಥೆ

ಆಟದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗೆಲುವಿನಿಂದಲೇ ಆರಂಭಿಸುತ್ತಾರೆ. ಜಪಾನಿನ ಮಹಿಳಾ ಕಾಲ್ಚೆಂಡಾಟದ ಮಾತು ಬಂದಾಗಲೂ ಹಾಗೆಯೇ. ೨೦೧೧ರ ಜುಲೈ ತಿಂಗಳಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಅಮೆರಿಕವನ್ನು ಮಣಿಸಿ ಆ ತಂಡ ವಿಶ್ವಕಪ್ ಎತ್ತಿದ ರಾತ್ರಿಯೇ ಎಲ್ಲರ ನೆನಪಿಗೆ ಬರುತ್ತದೆ. ಆದರೆ ಬೆಳೆಯ ಕಥೆ ಸುಗ್ಗಿಯಿಂದ ಆರಂಭವಾಗುವುದಿಲ್ಲವಷ್ಟೆ. ಆ ಗೆಲುವಿನ ಬೇರನ್ನು ಅರಿಯಬೇಕಾದರೆ ಅಂದು ಕಣದಲ್ಲಿಲ್ಲದ ಒಬ್ಬರ ಬದುಕನ್ನು ನೋಡಬೇಕು. ಅವರೇ ಅಸಾಕೊ ತಕಾಕುರಾ.

ತಕಾಕುರಾ ೧೯೬೮ರಲ್ಲಿ ಫುಕುಷಿಮಾದಲ್ಲಿ ಹುಟ್ಟಿದರು. ಜಪಾನಿನಲ್ಲಿ ಹೆಂಗಸರ ಕಾಲ್ಚೆಂಡಾಟಕ್ಕೆಂದು ಒಕ್ಕೂಟವೊಂದು ಏರ್ಪಟ್ಟದ್ದು ೧೯೭೯ರಲ್ಲಿ. ಎರಡು ವರ್ಷಗಳ ಬಳಿಕ ರಾಷ್ಟ್ರೀಯ ತಂಡ ಮೊದಲ ಬಾರಿಗೆ ಹಾಂಗ್‌ಕಾಂಗಿಗೆ ಹೋಗಿ, ಏಷ್ಯಾ ಪಂದ್ಯಾವಳಿಯಲ್ಲಿ ತೈವಾನಿನ ಎದುರು ಸೋತು, ಮೊದಲ ಸುತ್ತಿನಲ್ಲೇ ಹೊರಬಿತ್ತು. ಅದೇ ಪಂದ್ಯಾವಳಿಯಲ್ಲಿ ಮೂರನೆಯ ಸ್ಥಾನ ಪಡೆದದ್ದು ನಮ್ಮ ಭಾರತ ಎಂಬುದನ್ನು ಇಂದು ಎಷ್ಟು ಜನ ನಂಬಿಯಾರು? ಒಂದೇ ಅಂಗಳದಿಂದ ಹೊರಟ ಇಬ್ಬರಲ್ಲಿ ಒಬ್ಬರು ಎಲ್ಲಿಗೆ ಮುಟ್ಟಿದರು, ಇನ್ನೊಬ್ಬರು ಎಲ್ಲಿ ಉಳಿದರು ಎಂಬುದು ಯೋಚಿಸತಕ್ಕ ವಿಷಯ.

೧೯೮೪ರಲ್ಲಿ, ಹದಿನಾರರ ಹರೆಯದಲ್ಲಿ, ತಕಾಕುರಾ ಇಟಲಿಯ ವಿರುದ್ಧ ದೇಶದ ಪರವಾಗಿ ಆಡಿದರು. ಮರುವರ್ಷ ಟೋಕಿಯೋದ ಯೋಮಿಯುರಿ ಬೆಲೇಜಾ ತಂಡವನ್ನು ಸೇರಿದರು. ೧೯೮೯ರಲ್ಲಿ ಆರು ತಂಡಗಳ ರಾಷ್ಟ್ರೀಯ ಲೀಗ್ ಆರಂಭವಾದ ಮೇಲೆ, ೧೯೯೦ರಿಂದ ೧೯೯೩ರವರೆಗೆ ಸತತವಾಗಿ ನಾಲ್ಕು ಬಾರಿ ಆ ತಂಡವೇ ಗೆದ್ದಿತು.

ಮನೆಯಲ್ಲಿ ಗೆದ್ದವರಿಗೆ ಹೊರಗಿನ ಲೋಕ ಬೇರೆಯೇ ಪಾಠ ಕಲಿಸಿತು. ೧೯೯೧ರಲ್ಲಿ ಚೀನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ಪಿನಲ್ಲಿ ಜಪಾನ್ ಮೂರು ಪಂದ್ಯಗಳಲ್ಲಿ ಒಂದು ಗೋಲನ್ನೂ ಹೊಡೆಯಲಿಲ್ಲ; ಸ್ವೀಡನ್ನಿಗೆ ಬಿಟ್ಟುಕೊಟ್ಟ ಗೋಲುಗಳು ಎಂಟು! ನಾಲ್ಕು ವರ್ಷಗಳ ಬಳಿಕ ಬ್ರೆಜಿಲನ್ನು ೨-೧ರಿಂದ ಸೋಲಿಸಿದ್ದು ದೊಡ್ಡ ಸುದ್ದಿಯಾಯಿತು. ೧೯೯೬ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಮತ್ತೆ ಮೂರಕ್ಕೆ ಮೂರೂ ಸೋಲು. ಈ ಮೂರು ಕಡೆಯೂ ತಕಾಕುರಾ ತಂಡದಲ್ಲಿದ್ದರು. ಮುಂದೆ ಆರ್ಥಿಕ ಮುಗ್ಗಟ್ಟು ಬಂದು, ತಂಡಗಳನ್ನು ಸಾಕುತ್ತಿದ್ದ ಕಂಪನಿಗಳು ಒಂದೊಂದಾಗಿ ಕೈಬಿಟ್ಟವು. ೨೦೦೦ದ ಸಿಡ್ನಿಗೆ ಜಪಾನಿಗೆ ಪ್ರವೇಶವೇ ದೊರೆಯಲಿಲ್ಲ.

ಇಂಥ ವೇಳೆಯಲ್ಲಿ ಆಟ ಅಳಿದುಹೋಗುವುದು ಸುಲಭ. ಜಪಾನಿನಲ್ಲಿ ಅದು ಅಳಿಯಲಿಲ್ಲ. ಲೀಗ್ ನಿಲ್ಲಲಿಲ್ಲ, ಆಡಿ ಬಿಟ್ಟವರು ಕಲಿಸಲು ನಿಂತರು. ೨೦೧೧ರ ಮಾರ್ಚಿ ೧೧ರ ಭೂಕಂಪದ ಬಳಿಕ, ತಕಾಕುರಾ ಅವರ ಹುಟ್ಟೂರಿನ ಹೆಸರು ಅಣುಸ್ಥಾವರದ ದುರಂತದಿಂದಾಗಿ ಲೋಕಕ್ಕೆಲ್ಲ ತಿಳಿಯಿತು. ಆ ನಾಡಿನ ಹೆಸರಾಂತ ಕಾಲ್ಚೆಂಡು ಶಿಬಿರ 'ಜೆ-ವಿಲೇಜ್' ಪರಿಹಾರಕಾರ್ಯದ ನೆಲೆಯಾಯಿತು. ನಾಲ್ಕು ತಿಂಗಳು ಕಳೆದ ಮೇಲೆ ಬಂದ ವಿಶ್ವಕಪ್ ನೊಂದ ದೇಶಕ್ಕೆ ಎಂಥ ಸಾಂತ್ವನವಾಗಿದ್ದೀತೆಂದು ಊಹಿಸಬಹುದು.

ತಕಾಕುರಾ ೨೦೧೪ರಲ್ಲಿ ಹದಿನೇಳರೊಳಗಿನ ಹುಡುಗಿಯರನ್ನು ಕೋಸ್ಟರಿಕಾಕ್ಕೆ ಕರೆದೊಯ್ದು, ಸ್ಪೇನನ್ನು ೨-೦ಯಿಂದ ಸೋಲಿಸಿ ವಿಶ್ವಕಪ್ ತಂದರು. ೨೦೧೬ರಲ್ಲಿ ಹಿರಿಯರ ತಂಡ ರಿಯೋ ಒಲಿಂಪಿಕ್ಸಿಗೆ ಅರ್ಹತೆ ಪಡೆಯದೆ, ತರಬೇತುದಾರ ಸಸಾಕಿ ಹುದ್ದೆ ಬಿಟ್ಟಾಗ, ಆ ಸ್ಥಾನ ತಕಾಕುರಾ ಅವರಿಗೆ ಬಂದಿತು. ಹೆಂಗಸರ ರಾಷ್ಟ್ರೀಯ ತಂಡಕ್ಕೆ ಹೆಂಗಸೊಬ್ಬರು ಗುರುವಾಗಲು ಮೂವತ್ತೈದು ವರ್ಷ ಹಿಡಿದಿತ್ತು! ಅದೂ ಮನೆ ಬಿರುಕು ಬಿಟ್ಟ ಮೇಲೆ ಕೈಗೆ ಕೊಟ್ಟ ಬೀಗದಕೈ.

೨೦೧೮ರಲ್ಲಿ ಏಷ್ಯಾ ಕಪ್ಪನ್ನೂ ಏಷ್ಯನ್ ಕ್ರೀಡಾಕೂಟದ ಚಿನ್ನವನ್ನೂ ಅವರ ತಂಡ ಗೆದ್ದಿತು. ಆದರೆ ೨೦೧೯ರ ವಿಶ್ವಕಪ್ಪಿನಲ್ಲಿ ಕೊನೆಯ ನಿಮಿಷದ ಪೆನಾಲ್ಟಿಯಿಂದ ಹಾಲೆಂಡಿಗೆ ಸೋತಿತು. ೨೦೨೧ರಲ್ಲಿ ಸ್ವಂತ ನೆಲದ ಒಲಿಂಪಿಕ್ಸಿನಲ್ಲಿ ಸ್ವೀಡನ್ ಎದುರು ೧-೩ರಿಂದ ಸೋತು ಕ್ವಾರ್ಟರ್ ಫೈನಲಿನಲ್ಲೇ ನಿಂತಿತು. ತಕಾಕುರಾ ನಿರ್ಗಮಿಸಿದರು; ಅವರ ಸ್ಥಾನಕ್ಕೆ ಮತ್ತೆ ಪುರುಷರೊಬ್ಬರೇ ಬಂದರು.

ಇದನ್ನು ಸೋಲೆನ್ನುವವರು ಎನ್ನಲಿ. ಎಂಟು ಗೋಲು ತಿಂದು ಊರಿಗೆ ಮರಳಿದ ಪೀಳಿಗೆ ಅಂದೇ ಚೆಂಡನ್ನು ಮೂಲೆಗೆಸೆದಿದ್ದರೆ, ಇಪ್ಪತ್ತು ವರ್ಷಗಳ ಮೇಲೆ ಫ್ರಾಂಕ್‌ಫರ್ಟಿನಲ್ಲಿ ಕಪ್ ಎತ್ತಲು ಯಾರಿರುತ್ತಿದ್ದರು? ೧೯೮೧ರಲ್ಲಿ ಜಪಾನಿಗಿಂತ ಮುಂದಿದ್ದ ನಾವು ಈ ಪ್ರಶ್ನೆಯನ್ನು ನಮಗೂ ಹಾಕಿಕೊಳ್ಳಬೇಕಾಗಿದೆ.